ಬಾಗಿಲಿಲ್ಲದವರನ್ನು ಎಣಿಸುವ ರೋಶನ್ ಬೀ

ಬೆಳಗಿನ ನಾಲ್ಕೂಕಾಲು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ಟೀ ಅಂಗಡಿಯಲ್ಲಿ ಹಾಲು ಇನ್ನೂ ಒಲೆಗೆ ಏರಿಲ್ಲ. ನೀಲಿ ಸೀರೆಯುಟ್ಟು, ತಲೆಯ ಮೇಲೆ ಬಿಗಿಯಾಗಿ ಸೆರಗು ಎಳೆದುಕೊಂಡ ಹೆಂಗಸೊಬ್ಬರು ಗೇಟಿನ ಬಳಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಒಳಗೆ ಸಾಲಾಗಿ ಜನ ಮಲಗಿದ್ದಾರೆ. ಆ ಸಾಲಿನ ಪಕ್ಕದಲ್ಲಿ ಬರಿಗಾಲಲ್ಲಿ, ಸದ್ದಾಗದಂತೆ ನಡೆಯುತ್ತಾರೆ. ಒಬ್ಬೊಬ್ಬರ ತಲೆಯ ಹತ್ತಿರ ಒಂದು ಗಳಿಗೆ ನಿಂತು, ಬಗ್ಗಿ ನೋಡಿ ಮುಂದೆ ಸಾಗುತ್ತಾರೆ. ಬಲಗೈಯಲ್ಲಿ ಬಣ್ಣದ ಮರದ ಮಣಿಗಳ ಸರವಿದೆ. ಬಹಳ ಜನರ ಬಳಿ ಮಣಿ ಸರಿಯುವುದಿಲ್ಲ. ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಮುದುಡಿ ಮಲಗಿರುವ ಒಬ್ಬನ ಬಳಿ ಮಾತ್ರ ಒಂದು ಮಣಿ ಟಕ್ಕೆಂದು ಸರಿಯುತ್ತದೆ.

ಹೊಸಬರು ನೋಡಿದರೆ ಯಾರೋ ಭಕ್ತೆ, ಜಪ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಗೇಟಿನ ಕಾವಲುಗಾರ ಅಂಥವರನ್ನು ನೋಡಿ ನಗುತ್ತಾನೆ. ಏಕೆಂದರೆ ಅವನಿಗೆ ಗೊತ್ತು, ರೋಶನ್ ಬೀ ಎಣಿಸುತ್ತಿರುವುದು ಈ ಊರಿನಲ್ಲಿ ಮನೆಯಿಲ್ಲದೆ ಮಲಗಿರುವವರನ್ನು.

ಮಾರುಕಟ್ಟೆ ಮುಗಿಸಿ ಬಸ್ ನಿಲ್ದಾಣ, ಅಲ್ಲಿಂದ ರೈಲ್ವೆ ಸ್ಟೇಷನ್ನಿನ ಹೊರಗಿನ ಕಟ್ಟೆ, ಆಮೇಲೆ ಮೈಸೂರು ರಸ್ತೆಯುದ್ದಕ್ಕೂ ಮುಚ್ಚಿದ ಅಂಗಡಿಗಳ ಮುಂಭಾಗ. ಜನ ಎದ್ದು ಚದುರುವ ಮೊದಲು ಮುಗಿಯಬೇಕು. ಸೋಮವಾರ ಮತ್ತು ಗುರುವಾರ, ವಾರಕ್ಕೆ ಎರಡು ಬೆಳಗ್ಗೆ, ಐದು ಕಿಲೋಮೀಟರು ನಡಿಗೆ. ಟಾರ್ಚ್ ಬಳಸುವುದಿಲ್ಲ, ಪುಸ್ತಕ ತೆಗೆಯುವುದಿಲ್ಲ. "ಮುಖಕ್ಕೆ ಬೆಳಕು ಬುಟ್ರೆ ಪೊಲೀಸ್ನೋರು ಅನ್ಕೊಂಡು ಎದ್ದು ಓಡೋಗ್ತಾರೆ. ಪಾಪ, ಆ ಹೊತ್ತಲ್ಲಿ ಒಸಿ ನಿದ್ದೆ ಬಂದಿರ್ತದೆ. ಅದಕ್ಕೇ ಈ ಮಣಿ" ಎನ್ನುತ್ತಾರೆ. ಸರದಲ್ಲಿ ನೂರೊಂದು ಮಣಿಗಳಿವೆ. ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಮಾಡುವ ಅಳಿಯ ಅಮೀರ್ ಅತ್ತೆಗೆಂದೇ ಅರಗಿನ ಬಣ್ಣ ಹಾಕಿ ಮಾಡಿಕೊಟ್ಟದ್ದು. ಮಾರುವ ಮಾಲಿನಲ್ಲಿ ಇಷ್ಟು ನುಣುಪು ಇರುವುದಿಲ್ಲ ಎಂದು ಅತ್ತೆಗೆ ಹೆಮ್ಮೆ.

ರೋಶನ್ ಬೀಗೆ ಐವತ್ತಾರು ವರ್ಷ. ಮಹಿಳಾ ಸಂಘವೊಂದರ ಮೂಲಕ ನಗರಸಭೆಯ ಗುತ್ತಿಗೆ ಕೆಲಸದಲ್ಲಿದ್ದಾರೆ. ಕೆಲಸ ಒಂದಲ್ಲ, ಎರಡು. ಬೆಳಗಿನ ಜಾವ ಬಾಗಿಲಿಲ್ಲದವರನ್ನು ಎಣಿಸುವುದು. ಹತ್ತು ಗಂಟೆಯ ಮೇಲೆ, ಬಾಗಿಲಿರುವವರ ಬಾಗಿಲು ತಟ್ಟಿ ಮನೆ ಕಂದಾಯ ವಸೂಲಿ ಮಾಡುವುದು. ಈ ಎರಡಕ್ಕೂ ಏನು ಸಂಬಂಧ ಎಂದು ಕೇಳಿದವರಿಗೆ ಅವರು ಬಾಯಲ್ಲಿ ಉತ್ತರ ಹೇಳುವುದಿಲ್ಲ. ಹಿಂದೆ ಸೌದೆ ಡಿಪೋ ಇದ್ದ ಬಯಲಿಗೆ ಕರೆದುಕೊಂಡು ಹೋಗಿ ಅಲ್ಲಿ ಎದ್ದಿರುವ ಎಪ್ಪತ್ತೊಂದು ಮನೆಗಳನ್ನು ತೋರಿಸುತ್ತಾರೆ.

ಒಂಬತ್ತು ವರ್ಷದ ಹಿಂದೆ ನಗರಸಭೆಯ ಸದಸ್ಯರು ಸಭೆ ಸೇರಿ ಒಂದು ತೀರ್ಮಾನ ಮಾಡಿದ್ದರು. ಊರಲ್ಲಿ ವಸೂಲಾಗುವ ಮನೆ ಕಂದಾಯದಲ್ಲಿ ನೂರಕ್ಕೆ ಹದಿನೈದು ರೂಪಾಯಿಯನ್ನು ಬೇರೆ ತೆಗೆದಿಟ್ಟು, ಮನೆಯಿಲ್ಲದವರಿಗೆ ಮನೆ ಕಟ್ಟುವುದು. ಒಂದು ಕೋಣೆ, ಒಂದು ಅಡುಗೆಮನೆ, ಬಚ್ಚಲು, ಮುಂದೊಂದು ಪುಟ್ಟ ಜಗಲಿ. ಮನೆ ಪಡೆದವರು ತಿಂಗಳಿಗೆ ನಾನೂರು ರೂಪಾಯಿ ಕಟ್ಟಿಕೊಂಡು ಹೋಗಬೇಕು. ಪುಕ್ಕಟೆಯಲ್ಲ, ಕೂಲಿಯವರ ಕೈಗೆ ಎಟುಕದ್ದೂ ಅಲ್ಲ. ಮಾರ್ಚ್ ಮೂವತ್ತೊಂದರ ಸಂಜೆಯ ಹೊತ್ತಿಗೆ ಎಷ್ಟು ಕಂದಾಯ ಬಂದಿರುತ್ತದೋ ಅದರ ಮೇಲೆ ಮುಂದಿನ ವರ್ಷ ಎಷ್ಟು ಮನೆ ಎಂಬುದು ನಿಂತಿದೆ. ತೀರ್ಮಾನವಾದ ದಿನ ಇದು ಕಾಗದದಲ್ಲೇ ಉಳಿಯುತ್ತದೆ ಎಂದು ಮೂಗು ಮುರಿದವರು ಬಹಳ ಜನ. ಅವರಲ್ಲಿ ಕೆಲವರು ಈಗ ತಮ್ಮ ಕಡೆಯವರ ಹೆಸರು ಪಟ್ಟಿಗೆ ಸೇರಿಸಿ ಎಂದು ರೋಶನ್ ಬೀ ಹಿಂದೆ ಬೀಳುತ್ತಾರೆ.

ದಿನಕ್ಕೆ ಮೂವತ್ತೈದು ಬಾಗಿಲು ತಟ್ಟುವುದು ಅವರ ನೇಮ. ಹತ್ತು ತೆರೆಯುತ್ತವೆ, ನಾಲ್ಕು ಮನೆಯವರು ಕಟ್ಟುತ್ತಾರೆ. ಉಳಿದವರ ಮನೆಯಲ್ಲಿ ಅಲ್ಲಿಯವರೆಗೆ ಗಲಾಟೆ ಮಾಡುತ್ತಿದ್ದ ಟಿ.ವಿ. ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಳ್ಳುತ್ತದೆ. ರೋಶನ್ ಬೀ ಬೇಸರಪಟ್ಟುಕೊಳ್ಳುವುದಿಲ್ಲ. ಜಗಲಿಯ ಮೇಲೆ ಕೂತು, "ಒಂದು ಲೋಟ ನೀರು ಕೊಡ್ರವ್ವಾ" ಎಂದು ಕೂಗುತ್ತಾರೆ. ಮನೆ ಬಾಗಿಲಿಗೆ ಬಂದು ನೀರು ಕೇಳಿದವರಿಗೆ ಇಲ್ಲವೆನ್ನುವ ಮನಸ್ಸು ಈ ಸೀಮೆಯಲ್ಲಿ ಯಾರಿಗೂ ಬರುವುದಿಲ್ಲ. ಬಾಗಿಲು ತೆರೆದ ಮೇಲೆ ಮಾತು ತೆರೆಯುವುದು ಅವರಿಗೆ ಕಷ್ಟವಲ್ಲ.

ಹಳೇ ಊರಿನ ಕಾವೇರಮ್ಮ ಇದನ್ನು ಹೇಳಿಕೊಂಡು ಈಗಲೂ ನಗುತ್ತಾರೆ. "ಒಂದ್ ಲೋಟ ನೀರು ಕುಡಿದು ನಾಲ್ಕು ವರ್ಷದ ಕಂದಾಯ ಇಸ್ಕೊಂಡು ಓದ್ಲು ಕಣಪ್ಪ ಈಯಮ್ಮ! ನಾನೂ ಸುಮ್ನೆ ಬುಡ್ಲಿಲ್ಲ. ನನ್ನ ದುಡ್ಡು ಎಲ್ಲಿಗೋಯ್ತು ತೋರ್ಸು ಅಂದೆ. ಆಟೋದಾಗೆ ಕೂರಿಸ್ಕೊಂಡು ಓಗೇಬುಟ್ಲು." ಅಂದು ಡಿಪೋ ಬಯಲಿನಲ್ಲಿ ಒಂದು ಮನೆಯ ಹಾಲುಕ್ಕಿಸುವ ಶಾಸ್ತ್ರವಿತ್ತು. ಸ್ಟೇಷನ್ ಕಟ್ಟೆಯ ಮೇಲೆ ಆರು ವರ್ಷ ಮಲಗಿದ್ದ ಹಮಾಲಿಯೊಬ್ಬರ ಮನೆ. ಕಾವೇರಮ್ಮ ಅಲ್ಲಿ ಪಾಯಸ ಉಂಡು, ಗೋಡೆ ತಟ್ಟಿ ನೋಡಿ, ಸಿಮೆಂಟು ಗಟ್ಟಿಯಿದೆ ಎಂದು ತೀರ್ಪು ಕೊಟ್ಟು ಬಂದರು. ಅಂದಿನಿಂದ ಏಪ್ರಿಲ್ ಬಂತೆಂದರೆ ತಾವೇ ಹೋಗಿ ಕಂದಾಯ ಕಟ್ಟುತ್ತಾರೆ. ಪ್ರತಿ ಹಾಲುಕ್ಕಿಸುವ ದಿನವೂ ಹೀಗೆ ಕಂದಾಯ ಕಟ್ಟಿದ ಒಬ್ಬರನ್ನಾದರೂ ಕರೆದೊಯ್ಯುವುದು ರೋಶನ್ ಬೀ ತಾವೇ ಹಾಕಿಕೊಂಡ ಪದ್ಧತಿ.

ಅವರು ಬಾಡಿಗೆಗೆ ಇರುವ ಮನೆಯ ಮಾಲೀಕರೂ ಮೂರು ವರ್ಷದ ಬಾಕಿ ಇಟ್ಟಿದ್ದರು. ಅವರನ್ನೂ ಬಿಡಲಿಲ್ಲ. ಮಾಲೀಕರು ಬಾಕಿ ಕಟ್ಟಿ, ರಸೀದಿ ಪಡೆದು, ಮರುತಿಂಗಳೇ ಬಾಡಿಗೆಯನ್ನು ನೂರು ರೂಪಾಯಿ ಏರಿಸಿದರು. "ಏರ್ಸಲಿ ಬುಡಿ. ನಾನು ಅವರ ಮನೇಗೆ ಹೋಗಿದ್ದು ಕಂದಾಯದೋಳಾಗಿ, ಬಾಡಿಗೆಯೋಳಾಗಿ ಅಲ್ಲ" ಎಂದು ರೋಶನ್ ಬೀ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ಅವರ ಬೆರಳುಗಳನ್ನು ನೋಡಿದರೆ ಹಿಂದಿನ ಕತೆ ಅರ್ಧ ತಿಳಿಯುತ್ತದೆ. ತುದಿಗಳು ಬಿಳಿಚಿ, ಗೆರೆಗಳೆಲ್ಲ ಅಳಿಸಿಹೋಗಿವೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದೇ ಇಲ್ಲ. ಹನ್ನೊಂದನೆಯ ವಯಸ್ಸಿಗೆ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಸೇರಿದವರು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳ ಎಳೆ ಹುಡುಕುವ ಕೆಲಸ. ಇಪ್ಪತ್ತಮೂರಕ್ಕೆ ಗಂಡ ತೀರಿಕೊಂಡಾಗ ಮಗಳು ಹಾಜಿರಾಗೆ ಎಂಟು ತಿಂಗಳು. ಬಾಡಿಗೆ ಕೊಡಲಾಗದೆ ಮನೆ ಬಿಟ್ಟ ತಾಯಿ ಮಗುವನ್ನು ಶೆಡ್ಡಿನ ಮಾಲೀಕ ಕರೀಂ ಸಾಹೇಬರು ನೂಲಿನ ಶೆಡ್ಡಿನಲ್ಲೇ ಮಲಗಲು ಬಿಟ್ಟರು. ಬಾಡಿಗೆ ಕೇಳಲಿಲ್ಲ. ಬದಲಿಗೆ ಬೆಳಗಿನ ಆಜಾನ್ ಆಗುತ್ತಲೇ ಎದ್ದು ಒಲೆ ಹಚ್ಚಿ, ಉಳಿದ ಕೆಲಸಗಾರರು ಬರುವ ಹೊತ್ತಿಗೆ ತೊಟ್ಟಿಯ ನೀರು ಕುದಿಸಿಡಬೇಕಿತ್ತು. ಈ ಕಡೆಯ ಶೆಡ್ಡುಗಳಲ್ಲಿ ಇದು ಹಿಂದಿನಿಂದ ನಡೆದುಬಂದ ಏರ್ಪಾಟು. ಯಾರೂ ಅದನ್ನು ತಪ್ಪು ಎನ್ನುತ್ತಿರಲಿಲ್ಲ, ರೋಶನ್ ಬೀ ಕೂಡ.

ಮಗಳ ಮದುವೆ ಮಾಡಿ ಬಾಡಿಗೆ ಮನೆ ಹಿಡಿಯುವವರೆಗೆ ಹಾಗೆ ಒಂದೆರಡಲ್ಲ, ಹದಿನೇಳು ವರ್ಷ ಕಳೆಯಿತು. ಮಗಳ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ವಿಳಾಸ ಕೇಳಿದರೂ ಕರೀಂ ಸಾಹೇಬರ ಡೋರ್ ನಂಬರನ್ನೇ ಬರೆಸುತ್ತಿದ್ದರು. ಹಾಜಿರಾಳನ್ನು ನೋಡಲು ಚನ್ನಪಟ್ಟಣದಿಂದ ಗಂಡಿನ ಕಡೆಯವರು ಬರುತ್ತಾರೆಂದಾಗ ಪಕ್ಕದ ಬೀದಿಯ ಒಂದು ಮನೆಯನ್ನು ಎರಡು ಗಂಟೆ ಎರವಲು ಪಡೆದರು. ಚಹಾ ಕುಡಿದು ಅವರು ಎದ್ದುಹೋದ ಮೇಲೆ ಲೋಟಗಳನ್ನು ತೊಳೆದಿಟ್ಟು, ತಾಯಿ ಮಗಳಿಬ್ಬರೂ ಶೆಡ್ಡಿಗೆ ಮರಳಿದರು. ಇಷ್ಟು ಹೇಳುವಾಗ ಮಾತ್ರ ರೋಶನ್ ಬೀ ಕಣ್ಣು ಒದ್ದೆಯಾಗುತ್ತದೆ. "ಬೀಗರಿಗೆ ಸುಳ್ಳು ಹೇಳ್ಬುಟ್ಟೆ. ಮದುವೆ ಆಗಿ ಒಂದು ವರ್ಷ ಆದ್ಮೇಲೆ ಅಮೀರ್‌ಗೆ ನಾನೇ ಹೇಳ್ದೆ. ಅವನು ನಂಗೆ ಗೊತ್ತಿತ್ತು ಅಮ್ಮೀ ಅಂದ. ಆ ಮನೆ ಪಾತ್ರೆ ಯಾವ ಗೂಡಲ್ಲಿ ಐತೆ ಅಂತ ನಾನು ಹುಡುಕ್ತಾ ಇದ್ದಿದ್ದನ್ನ ನೋಡಿದ್ನಂತೆ."

ಇಷ್ಟೆಲ್ಲ ಅನುಭವಿಸಿದವರೇ ಎಣಿಕೆಗೆ ಇಳಿದಾಗ ತಪ್ಪಾಗಲು ಸಾಧ್ಯವೇ? ಆಯಿತು. ಒಂದಲ್ಲ, ಎರಡು. ಮೊದಲನೆಯದು ಊರೆಲ್ಲ ನಕ್ಕ ತಪ್ಪು.

ಮೊದಲ ವರ್ಷ ಅವರು ಮಾರುಕಟ್ಟೆಯಲ್ಲಿ ಮಲಗಿದ್ದವರನ್ನೆಲ್ಲ ಎಣಿಸಿದರು. ಎದ್ದವರ ಹೆಸರು, ಊರು ಕೇಳಿದರು. ಎಲ್ಲಿ ಮಲಗುತ್ತೀರಿ ಎಂದಾಗ ಇಲ್ಲೇ ಎಂದವರನ್ನೆಲ್ಲ ಪಟ್ಟಿಗೆ ಸೇರಿಸಿದರು. ಊರಿನ ಒಟ್ಟು ಲೆಕ್ಕ ನೂರ ಹನ್ನೆರಡಕ್ಕೆ ಬಂತು. ಎಲ್ಲರಿಗೂ ಕಾಗದ ಹೋಯಿತು: ನೀವು ಮನೆಯಿಲ್ಲದವರೆಂದು ಗುರುತಿಸಲಾಗಿದೆ, ದಾಖಲೆಗಳೊಂದಿಗೆ ಬನ್ನಿ. ವಾರ ಕಳೆಯುವುದರೊಳಗೆ ಮಾಗಡಿ ತಾಲ್ಲೂಕಿನ ಕಲ್ಯದಿಂದ ಬೈರಪ್ಪ ಎಂಬ ರೈತರು ಆ ಕಾಗದ ಹಿಡಿದು ಕೆಂಡಾಮಂಡಲವಾಗಿ ಬಂದಿಳಿದರು.

"ಏನವ್ವಾ, ನಂಗೆ ಮನೆ ಇಲ್ಲ ಅಂತ ನಿಂಗ್ಯಾರು ಏಳಿದ್ದು? ಕಲ್ಯದಾಗೆ ಎಂಟು ಅಂಕಣದ ಮನೆ ಐತೆ ನಂದು! ನನ್ನೆಂಡ್ರು ಈ ಕಾಗ್ದ ಓದಿಸ್ಕೊಂಡು, ಮನೆ ಬುಟ್ಟು ಇನ್ನೆಲ್ಲಿ ಸಂಸಾರ ಮಡಗಿದ್ದೀಯಾ ಅಂತ ಮೂರು ದಿನದಿಂದ ಮುದ್ದೆ ಇಕ್ಕಿಲ್ಲ!"

ಗೂಡು ತರುವ ರೈತರು ಹಿಂದಿನ ದಿನವೇ ಬಂದು, ಹರಾಜಿನವರೆಗೂ ಮಾರುಕಟ್ಟೆಯಲ್ಲೇ ಮಲಗುವುದು ಇಲ್ಲಿಯ ವಾಡಿಕೆ. ರೋಶನ್ ಬೀಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ನೆಲದ ಮೇಲೆ ಮಲಗಿದ ರೈತನಿಗೂ ಮನೆಯಿಲ್ಲದವನಿಗೂ ವ್ಯತ್ಯಾಸ ಕಾಣಲಿಲ್ಲ. ಇಬ್ಬರ ಪಂಚೆಯೂ ಅಷ್ಟೇ ಮಾಸಿತ್ತು. ನಿದ್ದೆಗಣ್ಣಲ್ಲಿ ಹೆಸರು ಹೇಳಿದ್ದ ಬೈರಪ್ಪನವರು, ಗೂಡಿಗೇನೋ ಪರಿಹಾರ ಬರುತ್ತದೆ ಎಂದು ಎಣಿಸಿದ್ದರಂತೆ. ನೂರ ಹನ್ನೆರಡರಲ್ಲಿ ಅರವತ್ತು ಜನ ಹೀಗೆ ಮನೆಮಾರು ಇದ್ದವರೇ. ಕೆಲಸ ಹೋಯಿತೆಂದೇ ರೋಶನ್ ಬೀ ಅಂದುಕೊಂಡರು. ಅವರ ಮುಖ ನೋಡಿ ಬೈರಪ್ಪನವರ ಸಿಟ್ಟು ಇಳಿಯಿತು. ಟೀ ಕುಡಿಸಿ, ಮಾರುಕಟ್ಟೆಯ ಒಳಗೆ ಕರೆದೊಯ್ದು, ಮಲಗಿದ್ದವರನ್ನು ತೋರಿಸಿ ಅವರು ಹೇಳಿಕೊಟ್ಟ ಪಾಠವೇ ಇಂದಿಗೂ ರೋಶನ್ ಬೀ ಎಣಿಕೆಯ ಅಳತೆಗೋಲು.

"ನೋಡವ್ವಾ. ನಾವು ಗೂಡು ಸುರಿದ್ಬುಟ್ಟು ಬರೀ ಚೀಲ ಮಡಿಸಿ ತಲೆಗೆ ಇಕ್ಕಂತೀವಿ. ಬೆಳಗಾದ್ರೆ ದುಡ್ಡು ಇಸ್ಕಂಡು ಬಸ್ ಅತ್ತೋರು ನಾವು. ಪಾತ್ರೆ ಪಡಗ ಒತ್ಕಂಡು ಯಾರಾದ್ರೂ ಮಾರ್ಕೆಟ್ಟಿಗೆ ಬತ್ತಾರಾ? ಅಗೋ, ಆ ಗೋಡೆ ತಾವ ಮಲಗವ್ನಲ್ಲ, ಅವನ ತಲೆ ಕೆಳಗೆ ನೋಡು. ಅನ್ನ ಮಾಡೋ ಪಾತ್ರೆ. ಮನೆ ಇದ್ದೋನು ಪಾತ್ರೆನ ಒಲೆ ತಾವ ಬುಟ್ಟು ಬತ್ತಾನೆ."

ಅಂದಿನಿಂದ ರೋಶನ್ ಬೀ ಮುಖ ನೋಡುವುದಿಲ್ಲ, ಬಟ್ಟೆ ನೋಡುವುದಿಲ್ಲ, ತಲೆಯ ಕೆಳಗೆ ನೋಡುತ್ತಾರೆ. ಚೀಲವಿದ್ದರೆ ಮಣಿ ಸರಿಯುವುದಿಲ್ಲ. ಪಾತ್ರೆಯಿದ್ದರೆ ಸರಿಯುತ್ತದೆ. ಬೈರಪ್ಪನವರು ಗೂಡು ತಂದಾಗಲೆಲ್ಲ, ಮಲಗುವ ಮುನ್ನ ತಮ್ಮ ಚೀಲವನ್ನು ಎದ್ದು ಕಾಣುವಂತೆ ಮಡಿಸಿಟ್ಟುಕೊಳ್ಳುತ್ತಾರಂತೆ. ಮನೆಯಾಕೆಯ ಭಯ ಇನ್ನೂ ಹೋಗಿಲ್ಲ ಎನ್ನುವುದು ಅವರ ಸಮಜಾಯಿಷಿ.

ಎರಡನೆಯ ತಪ್ಪಿಗೆ ಯಾರೂ ನಗಲಿಲ್ಲ. ಅದು ಎಂಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಹೋದ ವರ್ಷದ ಡಿಸೆಂಬರಿನ ಒಂದು ಬೆಳಗ್ಗೆ ಚಳಿ ತಡೆಯಲಾಗದೆ ರೋಶನ್ ಬೀ ಕೈ ಕಾಯಿಸಿಕೊಳ್ಳಲು ತಮ್ಮ ಹಳೆಯ ಶೆಡ್ಡಿಗೆ ಹೋದರು. ಕರೀಂ ಸಾಹೇಬರು ಈಗಿಲ್ಲ, ಮಗ ವಹಾಬ್ ನಡೆಸುತ್ತಿದ್ದಾರೆ. ಒಲೆಯ ಪಕ್ಕದಲ್ಲಿ, ಒಂದು ಕಾಲದಲ್ಲಿ ತಾವು ಮಲಗುತ್ತಿದ್ದ ಅದೇ ಜಾಗದಲ್ಲಿ ಸರಸಮ್ಮ ಮಲಗಿದ್ದರು. ಕೈಲಾಂಚದ ಕಡೆಯವರು, ಅರವತ್ತರ ಹೆಂಗಸು, ಹಿಂದೆ ಮುಂದೆ ಯಾರೂ ಇಲ್ಲದವರು. ರೋಶನ್ ಬೀ ಬಿಟ್ಟುಹೋದ ಒಲೆ ಹಚ್ಚುವ ಕೆಲಸವನ್ನು ಹಿಡಿದು ಹದಿನಾರು ವರ್ಷದಿಂದ ಅಲ್ಲೇ ಇದ್ದವರು. ಅವರ ತಲೆಯ ಕೆಳಗೆ ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆ ಇತ್ತು.

"ನನ್ನ ಕೈ ಮಣಿ ಮೇಲೆ ಹೋಯ್ತು, ಅಲ್ಲೇ ನಿಂತೋಯ್ತು" ಎನ್ನುತ್ತಾರೆ ರೋಶನ್ ಬೀ. "ನಾನು ಹದಿನೇಳು ವರ್ಷ ಅಲ್ಲಿ ಮಲಗಿದ್ದೆ. ನಂಗೆ ಮನೆ ಇಲ್ಲ ಅಂತ ಒಂದು ದಿನಾನೂ ಅನ್ಕೊಂಡಿರ್ಲಿಲ್ಲ. ಮೇಲೆ ಶೀಟ್ ಐತಲ್ಲ, ಸಾಹೇಬ್ರು ಒಳ್ಳೇರಲ್ಲ, ಅಂತ ಇದ್ದೆ. ಅದಕ್ಕೇ ಎಂಟು ವರ್ಷ ಯಾವ ಶೆಡ್ಡಿಗೂ ಎಣಿಸಕ್ಕೆ ಹೋಗ್ಲೇ ಇಲ್ಲ. ನೋಡಿ, ರಸ್ತೇಲಿರೋರನ್ನೆಲ್ಲ ಎಣಿಸ್ದೆ, ನನ್ನಂಗೆ ಇದ್ದೋರನ್ನೇ ಬುಟ್ಬುಟ್ಟೆ."

ಆ ತಿಂಗಳೇ ಊರಿನ ಶೆಡ್ಡುಗಳನ್ನೆಲ್ಲ ಸುತ್ತಿ, ಅವನ್ನೂ ಎಣಿಕೆಗೆ ಸೇರಿಸಿದರು. ಮೂವತ್ತನಾಲ್ಕು ಜನ ಸಿಕ್ಕರು. ಎಲ್ಲರ ಹೆಸರೂ ಪಟ್ಟಿಯ ಕೊನೆಗೆ ಸೇರಿತು. ಹೆಸರು ಸೇರಿದ ಸರದಿಯಂತೆ ಮನೆ ಸಿಗುವುದು ನಿಯಮ. ಈ ವರ್ಷದ ಸರದಿಯಲ್ಲಿ ಸರಸಮ್ಮ ಹನ್ನೆರಡನೆಯವರು. ಮಾರ್ಚ್ ಮೂರನೆಯ ವಾರ ಲೆಕ್ಕ ಹಾಕಿದಾಗ ಹನ್ನೊಂದು ಮನೆಗಳಿಗೆ ಆಗುವಷ್ಟು ಕಂದಾಯ ಬಂದಿತ್ತು, ಹನ್ನೆರಡನೆಯದಕ್ಕೆ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಊರಿನ ದೊಡ್ಡ ಬಾಕಿಗಳಲ್ಲಿ ಉಳಿದಿದ್ದು ಒಂದೇ, ವಹಾಬರ ಶೆಡ್ಡಿನದು. ಆರು ವರ್ಷದ ಬಾಕಿ. ತಾವು ಎಂಟು ವರ್ಷ ಮೊದಲೇ ಕಣ್ಣು ತೆರೆದಿದ್ದರೆ ಸರಸಮ್ಮ ಮೊದಲ ಸಾಲಿನ ಮನೆಯಲ್ಲಿ ಇರುತ್ತಿದ್ದರು ಎಂಬ ಸಂಕಟ ರೋಶನ್ ಬೀಗೆ. ಈ ಸಲ ಕೈತಪ್ಪಿದರೆ ಇನ್ನೊಂದು ವರ್ಷ ಆ ಒಲೆಯ ಪಕ್ಕ. ಸರಸಮ್ಮನ ಕೆಮ್ಮು ಕೇಳಿದವರಿಗೆ ಒಂದು ವರ್ಷ ಎಂದರೇನೆಂದು ಗೊತ್ತಾಗುತ್ತಿತ್ತು.

ವಹಾಬ್ ಕೆಟ್ಟವರಲ್ಲ. ಇದನ್ನು ಎಲ್ಲರಿಗಿಂತ ಮೊದಲು ಹೇಳುವುದು ರೋಶನ್ ಬೀಯೇ. ಸರಸಮ್ಮನಿಗೆ ಔಷಧಿ ಕೊಡಿಸಿದ್ದಾರೆ, ಹಬ್ಬಕ್ಕೆ ಸೀರೆ ಕೊಟ್ಟಿದ್ದಾರೆ. ಆದರೆ ಕಂದಾಯ ಎಂದರೆ ಮುಖ ತಿರುಗಿಸುತ್ತಿದ್ದರು. ಇಬ್ಬರ ನಡುವೆ ಮನೆಮಾತು ಉರ್ದುವಿನಲ್ಲಿ ನಡೆದ ಜಗಳವನ್ನು ರೋಶನ್ ಬೀ ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ. "ವಹಾಬ್ ಭಾಯ್ ನಂಗೆ, ಆಪಾ, ನೀವು ಕಂದಾಯ ತಗೊಂಡು ಇಲ್ಲದೋರಿಗೆ ಸೂರು ಮಾಡ್ತೀರಿ. ನಾನು ಕಂದಾಯ ಕಟ್ಟದೇನೇ ಒಬ್ಬರಿಗೆ ಸೂರು ಕೊಟ್ಟಿದ್ದೀನಿ. ನಮ್ಮಪ್ಪ ನಿಮಗೆ ಕೊಟ್ಟಿರಲಿಲ್ವಾ? ನಮ್ಮ ಕಂದಾಯ ಅಲ್ಲಿಗೆ ಸಂದಾಯ ಆಯ್ತು ಅಂದ್ರು. ಲೋಟ ಕೆಳಗಿಟ್ಟು ಎದ್ದು ಬಂದೆ. ಉಪ್ಪು ತಿಂದಿದ್ದೀನಲ್ಲ ಆ ಮನೇದು."

ಮೂರು ಸಲ ನೀರು ಕುಡಿದು ಬರಿಗೈಯಲ್ಲಿ ವಾಪಸಾದರು. ನಾಲ್ಕನೆಯ ಸಲ, ಮಾರ್ಚ್ ಇಪ್ಪತ್ತೇಳರಂದು, ನೀರು ಕೇಳಲಿಲ್ಲ. "ವಹಾಬ್ ಭಾಯ್, ನಾಳೆ ಬೆಳಗ್ಗೆ ನಮಾಜಿಗೆ ಹೋಗೋ ಮುಂಚೆ ಒಂದು ಗಳಿಗೆ ಶೆಡ್ಡಿಗೆ ಬನ್ನಿ. ನೋಡಿದ ಮೇಲೂ ಕಟ್ಟಲ್ಲ ಅಂದ್ರೆ ಇನ್ನು ನಿಮ್ಮ ಬಾಗಿಲಿಗೆ ಬರಲ್ಲ" ಎಂದು ಹೇಳಿ ಬಂದರು. ಒಂಬತ್ತು ವರ್ಷದಲ್ಲಿ ಇನ್ನು ಬರುವುದಿಲ್ಲ ಎಂದು ಅವರು ಯಾರಿಗೂ ಹೇಳಿರಲಿಲ್ಲ.

ವಹಾಬ್ ಬಂದರು. ಶೆಡ್ಡಿಗೆ ಎಂಟು ಗಂಟೆಯ ಮೊದಲು ಅವರು ಕಾಲಿಟ್ಟವರೇ ಅಲ್ಲ. ತಲೆಗೆ ಟೋಪಿ ಹಾಕಿಕೊಂಡು ಬಾಗಿಲಲ್ಲಿ, ಕಾದಿದ್ದ ರೋಶನ್ ಬೀ ಪಕ್ಕ ನಿಂತರು. ಒಲೆ ಇನ್ನೂ ಹಚ್ಚಿರಲಿಲ್ಲ. ಹೆಜ್ಜೆ ಸದ್ದಿಗೆ ಸರಸಮ್ಮ ಕಣ್ಣು ಬಿಟ್ಟರು. ಮಾಲೀಕರನ್ನು ಕಂಡವರೇ ಎದ್ದು, ಕಂಬಳಿ ಸುತ್ತಿ, ತಲೆಯ ಕೆಳಗಿದ್ದ ಪಾತ್ರೆಯನ್ನು ಕಂಕುಳಿಗೆ ಸೇರಿಸಿ ಬಾಗಿಲ ಕಡೆ ಹೊರಟುಬಿಟ್ಟರು. ಮುಂದಿನ ಮಾತುಗಳನ್ನು ರೋಶನ್ ಬೀ ಒಂದಕ್ಷರ ಬಿಡದೆ ಹೇಳುತ್ತಾರೆ.

"ಎಲ್ಲಿಗೆ ಹೊರಟೆ ಸರಸಮ್ಮ?" ಎಂದು ವಹಾಬ್ ಕೇಳಿದರು.

"ನೀವು ಈ ವೊತ್ತಲ್ಲಿ ಬಂದ್ರಲ್ಲ ಸಾಹೇಬ್ರೆ. ಜಾಗ ಬುಡು ಅನ್ನಕ್ಕೆ ಬಂದ್ರಿ ಅನ್ಕಂಡೆ."

"ಹದಿನಾರು ವರ್ಷದಲ್ಲಿ ಒಂದು ದಿನ ಅಂದಿದ್ದೀನಾ ಹಂಗೆ?"

"ಇಲ್ಲ ಸಾಹೇಬ್ರೆ. ದಿನಾ ಕಾಯ್ತಿದ್ದೆ" ಎಂದರು ಸರಸಮ್ಮ.

ದೂರು ಹೇಳುವ ದನಿಯಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಅಷ್ಟರಲ್ಲಿ ಆಜಾನ್ ಆಯಿತು. ವಹಾಬ್ ಮಸೀದಿಯ ಕಡೆ ನಡೆದರು. ಸರಸಮ್ಮ ಪಾತ್ರೆ ಕೆಳಗಿಟ್ಟು ಎಂದಿನಂತೆ ಒಲೆ ಹಚ್ಚಿದರು. ಕೆಲಸ ಕೆಟ್ಟಿತೇನೋ, ಸರಸಮ್ಮನಿಗೆ ಇದ್ದ ಜಾಗವೂ ಹೋಯಿತೇನೋ ಎಂದು ರೋಶನ್ ಬೀ ಹೆದರಿದರು. ಅವತ್ತು ಮೂವತ್ತೈದು ಬಾಗಿಲಲ್ಲಿ ಆರು ಬಾಗಿಲನ್ನೂ ತಟ್ಟಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ.

ಹನ್ನೊಂದೂವರೆಗೆ ವಹಾಬ್ ಚೆಕ್ ಹಿಡಿದು ಕಂದಾಯದ ಕೌಂಟರಿಗೆ ಬಂದರು. ಆರು ವರ್ಷದ ಬಾಕಿಯನ್ನು ದಂಡದ ಸಮೇತ ಕಟ್ಟಿದರು. ರಸೀದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಬಾಗಿಲು ತಟ್ಟುವುದು ಬಿಟ್ಟು ಅಲ್ಲೇ ಕೂತಿದ್ದ ರೋಶನ್ ಬೀಯನ್ನು ಕೇಳಿದ್ದು ಒಂದೇ ಪ್ರಶ್ನೆ. ಸರಸಮ್ಮ ಹೋದರೆ ಬೆಳಗ್ಗೆ ಒಲೆ ಯಾರು ಹಚ್ಚುವುದು? ಸಂಜೆ ಈ ಪ್ರಶ್ನೆಯನ್ನು ರೋಶನ್ ಬೀ ಸರಸಮ್ಮನಿಗೇ ಮುಟ್ಟಿಸಿದರು. ಹದಿನಾರು ವರ್ಷ ಎದುರು ಮಾತಾಡದಿದ್ದ ಹೆಂಗಸು ತಾವೇ ಎದ್ದುಹೋಗಿ ಮಾಲೀಕರ ಮುಂದೆ ನಿಂತರು.

"ಒಲೆ ನಾನೇ ಅಚ್ತೀನಿ ಸಾಹೇಬ್ರೆ. ಆದ್ರೆ ಅದಕ್ಕೆ ಕೂಲಿ ಕೊಡಿ. ಬಾಗ್ಲಿಗೆ ಬೀಗ ಆಕ್ಕಂಡು ಬತ್ತೀನಿ."

ವಹಾಬ್ ಕೂಲಿಗೆ ಒಪ್ಪಿದ್ದಾರೆ. ಊರಿನ ಇನ್ನೂ ನಾಲ್ಕು ಶೆಡ್ಡುಗಳಲ್ಲಿ ಒಲೆ ಹಚ್ಚುವ ಕೆಲಸಕ್ಕೆ ಕೂಲಿ ನಿಗದಿಯಾಗಿದೆ. ಈಗ ಮೇ ತಿಂಗಳು. ಡಿಪೋ ಬಯಲಿನಲ್ಲಿ ಹನ್ನೆರಡು ಮನೆಗಳಿಗೆ ಸುಣ್ಣದ ಗೆರೆ ಎಳೆದಿದ್ದಾರೆ. ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಸರಸಮ್ಮ ದಿನವೂ ಅಲ್ಲಿಗೆ ಹೋಗುತ್ತಾರೆ. ಕೊನೆಯ ಮನೆಯ ಗೆರೆಗಳ ಒಳಗೆ, ಬಾಗಿಲು ಬರುವ ಕಡೆಯಿಂದಲೇ ಸುತ್ತಿಕೊಂಡು ಬಂದು ನಿಲ್ಲುತ್ತಾರೆ. ಗೆರೆ ದಾಟಿ ಒಳಗೆ ಬರುವುದು ಅವರಿಗೆ ಸರಿಕಾಣುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒಲೆಯ ಜಾಗ ಗುರುತು ಮಾಡಿ ಒಂದು ಕಲ್ಲು ಇಟ್ಟಿದ್ದಾರೆ. ಮೇಸ್ತ್ರಿ ಆ ಕಲ್ಲನ್ನು ಎರಡು ಸಲ ತೆಗೆದು ಎಸೆದ. ಎರಡು ಸಲವೂ ಅದು ಮರುದಿನ ಅಲ್ಲೇ ಇತ್ತು.

ಹಾಲುಕ್ಕಿಸುವ ದಿನಕ್ಕೆ ಈ ಸಲ ಯಾವ ಕಂದಾಯದಾರರನ್ನು ಕರೆದೊಯ್ಯಬೇಕೆಂದು ರೋಶನ್ ಬೀ ಯೋಚಿಸಬೇಕಾಗಿಲ್ಲ. ವಹಾಬರೇ ಹೇಳಿಕಳಿಸಿದ್ದಾರೆ. ಹಾಲು ತಮ್ಮ ಕಡೆಯಿಂದಂತೆ.

ಗುರುವಾರದ ಎಣಿಕೆ ಮುಗಿದಿದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ರೋಶನ್ ಬೀ ಮಣಿಗಳನ್ನು ಇನ್ನೊಮ್ಮೆ ಎಣಿಸುತ್ತಾರೆ. ರಸ್ತೆಯಲ್ಲಿ ಹನ್ನೊಂದು, ಶೆಡ್ಡುಗಳಲ್ಲಿ ಮೂವತ್ತನಾಲ್ಕು. ಸರದಲ್ಲಿ ಇನ್ನೂ ಐವತ್ತಾರು ಮಣಿಗಳು ಸರಿಯದೆ ಉಳಿದಿವೆ. ಒಂದು ವರ್ಷ ಸರವೇ ಸಾಲದೆ ಎರಡನೆಯ ಸುತ್ತು ಬರಬೇಕಾಗಿತ್ತು ಎಂದು ನೆನೆಯುತ್ತಾರೆ. ನಿಮಗೆ ಒಂದು ಮನೆ ಬೇಡವೇ ಎಂದರೆ, ನನ್ನ ಬಾಡಿಗೆ ಮನೆಗೆ ಬಾಗಿಲಿದೆ, ಬೀಗವಿದೆ, ಮಣಿ ನನ್ನ ಹತ್ತಿರ ಬರುವುದಿಲ್ಲ ಎಂದು ಕೈಯಾಡಿಸುತ್ತಾರೆ. ಆದರೆ ಆಸೆ ಒಂದಿದೆ. ಅದನ್ನು ಹೇಳುವ ಮೊದಲು ಮಾರುಕಟ್ಟೆಯ ಕಡೆ ನೋಡುತ್ತಾರೆ. ಒಳಗೆ ರೈತರು ಎದ್ದು ಚೀಲ ಕೊಡವುತ್ತಿದ್ದಾರೆ.

"ನನ್ನ ಕಾಲಲ್ಲಿ ಶಕ್ತಿ ಇರೋವಾಗ್ಲೇ ಒಂದು ದಿನ ಬೆಳಗ್ಗೆ ಊರೆಲ್ಲ ಸುತ್ತಿ ಬರಬೇಕು, ಒಂದು ಮಣೀನೂ ಸರೀಬಾರದು. ಮಲಗಿರೋರ ತಲೆ ಕೆಳಗೆಲ್ಲ ಬರೀ ಗೂಡಿನ ಚೀಲ ಇರಬೇಕು. ಪಾತ್ರೆಗಳೆಲ್ಲ ಒಲೆ ತಾವ ಇರಬೇಕು."